ಸೆನ್ಸಿಟಿವಿಟಿ ಅನಾಲಿಸಿಸ್‌ಗೆ ಆರ್, ಸ್ಟಾಟಾ, ಸ್ಯಾಸ್, ಪೈಥಾನ್: ಯಾವುದನ್ನು ಯಾವಾಗ ಆರಿಸಬೇಕು?

ಪೇಪರ್ ಕಳಿಸಿ ಕೆಲವು ತಿಂಗಳಾದ ಮೇಲೆ ರಿವ್ಯೂವರ್ ಒಂದೇ ಸಾಲು ಬರೆಯುತ್ತಾರೆ: ‘ಸೆನ್ಸಿಟಿವಿಟಿ ಅನಾಲಿಸಿಸ್ ಮಾಡಿ ತೋರಿಸಿ.’ ಎಂ.ಡಿ. ಮಾಡುವವರಿಗೆ ಗೈಡ್ ಇದನ್ನೇ ಹೇಳುತ್ತಾರೆ. ಪಿಎಚ್.ಡಿ. ಮಾಡುವವರಿಗೆ ವೈವಾದಲ್ಲಿ ಇದೇ ಪ್ರಶ್ನೆ ಬರುತ್ತದೆ. ಆಗ ಎಲ್ಲರೂ ಮೊದಲು ಕೇಳುವುದು, ಇದನ್ನು ಯಾವ ಸಾಫ್ಟ್‌ವೇರ್‌ನಲ್ಲಿ ಮಾಡೋದು ಅಂತ. ಆರ್ ಕಲಿಯಲೇಬೇಕಾ? ಇರುವ ಸ್ಟಾಟಾ ಸಾಕಾ? ಸ್ಯಾಸ್ ಇಲ್ಲದೆ ನಡೆಯುತ್ತಾ?

ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಮೊದಲ ಪ್ರಶ್ನೆ, ಸೆನ್ಸಿಟಿವಿಟಿ ಅನಾಲಿಸಿಸ್ ಅಂದರೇ ಈ ಪ್ರಶ್ನೆ, ಇದು: ನಿಮ್ಮ ಫಲಿತಾಂಶ ಯಾವ ಊಹೆಯ ಮೇಲೆ ನಿಂತಿದೆ, ಆ ಊಹೆ ತಪ್ಪಿದರೆ ಉತ್ತರ ಎಷ್ಟು ಬದಲಾಗುತ್ತದೆ? ಯಾವ ಊಹೆ ಅನ್ನುವುದು ಗೊತ್ತಾದರೆ ಸಾಫ್ಟ್‌ವೇರ್ ಆಯ್ಕೆ ಮುಕ್ಕಾಲು ಪಾಲು ತಾನೇ ಮುಗಿಯುತ್ತದೆ. ಯಾಕೆಂದರೆ ಒಂದೇ ಹೆಸರಿನಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಕೆಲಸಗಳು ನಡೆಯುತ್ತಿವೆ. ಔಷಧ ಪ್ರಯೋಗದವರು ಮಾಡುವ ಸೆನ್ಸಿಟಿವಿಟಿ ಅನಾಲಿಸಿಸ್ ಬೇರೆ, ಜಲಾಶಯದ ಮಾದರಿ (ಕಂಪ್ಯೂಟರ್ ಮಾಡೆಲ್) ಓಡಿಸುವ ಎಂಜಿನಿಯರ್ ಮಾಡುವುದು ಬೇರೆ. ಒಂದಕ್ಕೆ ಹೇಳಿಮಾಡಿಸಿದಂತಿರುವ ಸಾಫ್ಟ್‌ವೇರ್ ಇನ್ನೊಂದಕ್ಕೆ ಕೆಲಸಕ್ಕೇ ಬಾರದಿರಬಹುದು.

ಹಾಗಾಗಿ ಇಲ್ಲಿ ಸಾಫ್ಟ್‌ವೇರ್‌ಗಳನ್ನು ಅನುಮಾನಗಳ ಪ್ರಕಾರ ಹೋಲಿಸುತ್ತೇನೆ. ಮುಖ್ಯವಾದವು ಮೂರು. ಅಳೆಯದೆ ಉಳಿದ ಅಂಶವೊಂದು ಫಲಿತಾಂಶವನ್ನು ಕೆಡಿಸಿರಬಹುದು. ಕಾಣೆಯಾದ ಡೇಟಾ ನಾವು ಅಂದುಕೊಂಡಂತೆ ಇಲ್ಲದಿರಬಹುದು. ಮಾದರಿಗೆ ಕೊಟ್ಟ ಇನ್‌ಪುಟ್‌ಗಳೇ ಅನಿಶ್ಚಿತವಾಗಿರಬಹುದು.

ಅಳೆಯದೆ ಉಳಿದ ಅಂಶದ ಅನುಮಾನ

ಇದರ ಚರಿತ್ರೆ ಸಿಗರೇಟಿನಿಂದ ಶುರುವಾಗುತ್ತದೆ. 1950ರ ದಶಕದಲ್ಲಿ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರ್‌ಗೂ ನಂಟಿದೆ ಅನ್ನುವ ಅಧ್ಯಯನಗಳು ಒಂದರ ಹಿಂದೊಂದು ಬಂದವು. ಸಂಖ್ಯಾಶಾಸ್ತ್ರದ ದಿಗ್ಗಜ ಆರ್.ಎ. ಫಿಶರ್ ಒಪ್ಪಲಿಲ್ಲ. ಸಿಗರೇಟಿನ ಚಟಕ್ಕೂ ಕ್ಯಾನ್ಸರ್‌ಗೂ ಎರಡಕ್ಕೂ ಕಾರಣವಾದ ಒಂದು ಜೀನ್ ಇರಬಹುದಲ್ಲ ಅಂದರು. 1959ರಲ್ಲಿ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಜೊತೆಗಾರರು ಇದಕ್ಕೆ ಲೆಕ್ಕದಲ್ಲೇ ಉತ್ತರ ಕೊಟ್ಟರು. ಸಿಗರೇಟು ಸೇದುವವರಿಗೆ ಅಪಾಯ 9 ಪಟ್ಟು ಜಾಸ್ತಿ ಇದೆ ಅಂದುಕೊಳ್ಳಿ. ಇದೆಲ್ಲಾ ಸಿಗರೇಟಿನಿಂದಲ್ಲ, ಬೇರೆ ಅಂಶದಿಂದಲೇ ಬಂದದ್ದು ಅನ್ನುವುದಾದರೆ, ಆ ಅಂಶ ಸೇದದವರಿಗಿಂತ ಸೇದುವವರಲ್ಲಿ ಕನಿಷ್ಠ 9 ಪಟ್ಟು ಹೆಚ್ಚಾಗಿ ಇರಲೇಬೇಕು. ಅಂಥ ಅಂಶ ಯಾವುದು, ತೋರಿಸಿ! ‘ಏನೋ ಇರಬಹುದು’ ಅನ್ನುವ ಅನುಮಾನವನ್ನು ‘ಎಷ್ಟು ದೊಡ್ಡದಿರಬೇಕು’ ಅನ್ನುವ ಪ್ರಶ್ನೆಯಾಗಿ ಬದಲಾಯಿಸಿದ್ದು ನನ್ನ ಕಣ್ಣಿಗೆ ಈ ಕ್ಷೇತ್ರದ ಅತ್ಯಂತ ಸುಂದರವಾದ ಹೆಜ್ಜೆ.

ಅದೇ ದಾರಿಯಲ್ಲಿ ಬಂದದ್ದು ಇ-ವ್ಯಾಲ್ಯೂ. ವ್ಯಾಂಡರ್‌ವೀಲ್ ಮತ್ತು ಡಿಂಗ್ 2017ರಲ್ಲಿ ಇದನ್ನು ಮುಂದಿಟ್ಟರು. ಲೆಕ್ಕ ಎಷ್ಟು ಸುಲಭ ಅಂದರೆ ಸಾಫ್ಟ್‌ವೇರೇ ಬೇಡ. ನಿಮ್ಮ ರಿಸ್ಕ್ ರೇಶಿಯೋ, ಅಂದರೆ ಒಂದು ಗುಂಪಿನ ಅಪಾಯ ಇನ್ನೊಂದರ ಎಷ್ಟು ಪಟ್ಟು ಅನ್ನುವುದು, 1.8 ಅಂದುಕೊಳ್ಳಿ. ಅದನ್ನೂ, ಅದರಿಂದ ಒಂದು ಕಳೆದದ್ದನ್ನೂ ಗುಣಿಸಿ, ವರ್ಗಮೂಲ ತೆಗೆದು ಅದಕ್ಕೇ ಕೂಡಿಸಿ: 1.8 + √(1.8 × 0.8) = 1.8 + 1.2 = 3.0. ಅಂದರೆ ಅಳೆಯದೆ ಉಳಿದ ಅಂಶಕ್ಕೆ ನಿಮ್ಮ ಚಿಕಿತ್ಸೆಯ ಜೊತೆಗೂ, ಕಾಯಿಲೆಯ ಜೊತೆಗೂ ತಲಾ 3 ಪಟ್ಟಿನ ನಂಟು ಇದ್ದರೆ ಮಾತ್ರ ಈ 1.8 ಪೂರ್ತಿ ಅಳಿಸಿಹೋಗಬಹುದು. ಕಾನ್ಫಿಡೆನ್ಸ್ ಇಂಟರ್ವಲ್‌ನ (ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿಯ) ಕೆಳಗಿನ ತುದಿ 1.25 ಇದ್ದರೆ ಅದಕ್ಕೂ ಇದೇ ಸೂತ್ರ ಹಾಕಿ. 1.81 ಬರುತ್ತದೆ. ಎರಡನ್ನೂ ಬರೆಯಬೇಕು. ಬರೀ ದೊಡ್ಡ ಸಂಖ್ಯೆ ಬರೆದು ಸುಮ್ಮನಾಗುವುದು ಸರಿಯಲ್ಲ.

ಇಷ್ಟು ಸುಲಭ ಇರುವಾಗ ಸಾಫ್ಟ್‌ವೇರ್ ಯಾಕೆ? ಎಡವುವ ಜಾಗ ಒಂದಿದೆ, ಅದಕ್ಕೆ. ಹೌದು-ಇಲ್ಲ ಅನ್ನುವ ಫಲಿತಾಂಶಕ್ಕೆ ಮಾಡುವ ಲಾಜಿಸ್ಟಿಕ್ ರಿಗ್ರೆಶನ್‌ನಿಂದ ಬರುವುದು ಆಡ್ಸ್ ರೇಶಿಯೋ (ಆಗುವುದಕ್ಕೂ ಆಗದಿರುವುದಕ್ಕೂ ಇರುವ ಪ್ರಮಾಣವನ್ನು ಎರಡು ಗುಂಪುಗಳಲ್ಲಿ ಹೋಲಿಸುವುದು), ರಿಸ್ಕ್ ರೇಶಿಯೋ ಅಲ್ಲ. ಕಾಯಿಲೆ ಅಪರೂಪದ್ದಾಗಿದ್ದರೆ ಎರಡೂ ಹೆಚ್ಚುಕಮ್ಮಿ ಒಂದೇ. ಆದರೆ ಶೇ. 15ಕ್ಕಿಂತ ಜಾಸ್ತಿ ಜನರಲ್ಲಿ ಕಾಣುವ ಫಲಿತಾಂಶವಾದರೆ ಮೊದಲು ಆಡ್ಸ್ ರೇಶಿಯೋದ ವರ್ಗಮೂಲ ತೆಗೆದುಕೊಳ್ಳಬೇಕು. ಆಡ್ಸ್ ರೇಶಿಯೋ 3.24 ಬಂದಿದೆ ಅನ್ನಿ. ನೇರವಾಗಿ ಸೂತ್ರಕ್ಕೆ ಹಾಕಿದರೆ ಇ-ವ್ಯಾಲ್ಯೂ 5.93. ವರ್ಗಮೂಲ ತೆಗೆದು ಹಾಕಿದರೆ 3.24ರ ಜಾಗದಲ್ಲಿ 1.8, ಇ-ವ್ಯಾಲ್ಯೂ 3.0. ಒಂದೇ ಡೇಟಾ, ಉತ್ತರ ಹತ್ತಿರಹತ್ತಿರ ಎರಡು ಪಟ್ಟು! ಆರ್‌ನ ‘ಇವ್ಯಾಲ್ಯೂ’ ಪ್ಯಾಕೇಜ್‌ನಲ್ಲಿ ಫಲಿತಾಂಶ ಅಪರೂಪದ್ದೋ ಅಲ್ಲವೋ ಅಂತ ನೀವೇ ಬಾಯಿಬಿಟ್ಟು ಹೇಳಬೇಕು. ಸ್ಟಾಟಾದಲ್ಲಿ ಅದೇ ಹೆಸರಿನ ಕಮಾಂಡ್ ಇದೆ, ಆದರೆ ಅಲ್ಲಿ ‘ಕಾಮನ್’ ಅನ್ನುವ ಆಯ್ಕೆಯನ್ನು ನೆನಪಿಟ್ಟು ಸೇರಿಸಬೇಕಾದ್ದು ನೀವು. ಇಂಥ ಕಡೆ ನನಗೆ ಆರ್‌ನ ದಾರಿಯೇ ಇಷ್ಟ. ಕೇಳಬೇಕಾದ ಪ್ರಶ್ನೆಯನ್ನು ಅದು ಕೇಳುತ್ತದೆ.

ನಮ್ಮಲ್ಲಿ ಬಹಳ ಮೆಡಿಕಲ್ ಕಾಲೇಜುಗಳಲ್ಲಿ ಕೈಗೆ ಸಿಗುವುದು ಎಸ್‌ಪಿಎಸ್‌ಎಸ್ ಅನ್ನುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್. ಅದರಲ್ಲಿ ರಿಗ್ರೆಶನ್ ಮಾಡಿ, ಆಡ್ಸ್ ರೇಶಿಯೋ ತೆಗೆದುಕೊಂಡು, ಮೇಲಿನ ಲೆಕ್ಕವನ್ನು ಕ್ಯಾಲ್ಕುಲೇಟರ್‌ನಲ್ಲೇ ಮಾಡಬಹುದು. ಇದೊಂದಕ್ಕಾಗಿ ಹೊಸ ಸಾಫ್ಟ್‌ವೇರ್ ಕಲಿಯುವ ಅಗತ್ಯ ಇಲ್ಲ.

ಫಲಿತಾಂಶ ಹೌದು-ಇಲ್ಲ ಅನ್ನುವ ಥರದ್ದಲ್ಲ, ಅಂಕಿಯಲ್ಲಿ ಬರುವಂಥದ್ದು, ಸಾದಾ ಲೀನಿಯರ್ ರಿಗ್ರೆಶನ್ ಮಾಡಿದ್ದೀರಿ ಅಂದರೆ ಇ-ವ್ಯಾಲ್ಯೂಗಿಂತ ‘ಸೆನ್ಸ್‌ಮೇಕರ್’ ಒಳ್ಳೆಯದು. ಸಿನೆಲ್ಲಿ ಮತ್ತು ಹ್ಯಾಜ್ಲೆಟ್ 2020ರಲ್ಲಿ ಕೊಟ್ಟ ವಿಧಾನ ಇದು. ಆರ್, ಸ್ಟಾಟಾ, ಪೈಥಾನ್ ಮೂರರಲ್ಲೂ ಸಿಗುತ್ತದೆ. ಅದರ ಜೊತೆಗೇ ಬರುವ ಉದಾಹರಣೆ ಸುಡಾನಿನ ಡಾರ್ಫರ್‌ನದು. ಅಲ್ಲಿನ ಹಿಂಸೆಯಲ್ಲಿ ಸ್ವತಃ ಗಾಯಗೊಂಡವರು ಶಾಂತಿಯ ಪರ ಹೆಚ್ಚು ವಾಲಿದ್ದಾರಾ ಅನ್ನುವುದು ಪ್ರಶ್ನೆ. ಅಂದಾಜು 0.097. ಇದನ್ನು ಸೊನ್ನೆಗೆ ಇಳಿಸಬೇಕಾದರೆ ಅಳೆಯದ ಅಂಶವು ಗಾಯದಲ್ಲೂ ಮನೋಭಾವದಲ್ಲೂ ಉಳಿದ ಏರಿಳಿತದ ಶೇ. 13.9ರಷ್ಟನ್ನು ವಿವರಿಸಬೇಕು. ಇದಕ್ಕೆ ರೋಬಸ್ಟ್‌ನೆಸ್ ವ್ಯಾಲ್ಯೂ ಅನ್ನುತ್ತಾರೆ.

ಶೇ. 13.9 ಜಾಸ್ತಿನಾ ಕಡಿಮೆನಾ? ಬರೀ ಸಂಖ್ಯೆ ನೋಡಿದರೆ ಗೊತ್ತಾಗುವುದಿಲ್ಲ. ಈ ಪ್ಯಾಕೇಜ್‌ನ ಜಾಣತನ ಇರುವುದು ಇಲ್ಲಿಯೇ. ನಾವು ಈಗಾಗಲೇ ಅಳೆದಿರುವ ಅಂಶವೊಂದನ್ನು ಅಳತೆಗೋಲಾಗಿ ಇಟ್ಟುಕೊಳ್ಳಲು ಬಿಡುತ್ತದೆ. ಆ ಉದಾಹರಣೆಯಲ್ಲಿ ಅಳತೆಗೋಲು ಹೆಣ್ಣೋ ಗಂಡೋ ಅನ್ನುವುದು. ಯಾಕೆಂದರೆ ಆ ಹಿಂಸೆ ಹೆಣ್ಣುಮಕ್ಕಳನ್ನು ಗುರಿ ಮಾಡಿದ್ದು ಎಲ್ಲರಿಗೂ ಗೊತ್ತಿತ್ತು. ಲಿಂಗದಷ್ಟೇ ಬಲದ ಇನ್ನೊಂದು ಅಂಶ ಅಡಗಿದ್ದರೆ ಅಂದಾಜು 0.075ಕ್ಕೆ ಇಳಿಯುತ್ತದೆ. ಮೂರು ಪಟ್ಟು ಬಲದ್ದಾದರೆ 0.030. ಆಗಲೂ ಸೊನ್ನೆಯಾಗುವುದಿಲ್ಲ, ಆದರೆ ಕಾನ್ಫಿಡೆನ್ಸ್ ಇಂಟರ್ವಲ್ ಸೊನ್ನೆಯನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಓದುಗರಿಗೆ ಇದು ಅರ್ಥವಾಗುವ ಮಾತು.

ಅರ್ಥಶಾಸ್ತ್ರದವರು ಬಹಳ ಮಂದಿ ಇದೇ ಅನುಮಾನಕ್ಕೆ ಅರ್ಥಶಾಸ್ತ್ರಜ್ಞೆ ಎಮಿಲಿ ಆಸ್ಟರ್ ಅವರ ವಿಧಾನ ಬಳಸುತ್ತಾರೆ. ಅದಕ್ಕೆ ಸ್ಟಾಟಾದ ‘ಪಿಎಸ್‌ಎ ಕ್ಯಾಲ್ಕ್’ ಇದೆ. ಆರ್‌ನಲ್ಲೂ ಮಾಡಬಹುದು, ಆದರೆ ಆ ಕ್ಷೇತ್ರದ ಜನ, ಹಳೆಯ ಕೋಡ್, ಗೈಡ್‌ಗಳು ಎಲ್ಲಾ ಸ್ಟಾಟಾದಲ್ಲೇ ಇದ್ದಾರೆ. ಅಲ್ಲಿ ಒಂಟಿಯಾಗಿ ಆರ್ ಹಿಡಿದು ಕೂರುವುದರಲ್ಲಿ ಲಾಭ ಕಡಿಮೆ. ಪ್ರೊಪೆನ್ಸಿಟಿ ಸ್ಕೋರ್ ಮ್ಯಾಚಿಂಗ್ (ಚಿಕಿತ್ಸೆ ಸಿಗುವ ಸಾಧ್ಯತೆ ಸಮನಾಗಿರುವವರನ್ನು ಜೋಡಿ ಮಾಡಿ ಹೋಲಿಸುವುದು) ಮಾಡಿದವರಿಗೆ ಇದೇ ಅನುಮಾನವನ್ನು ಅಳೆಯುವ ರೋಸೆನ್‌ಬಾಮ್ ಬೌಂಡ್ಸ್ ಬೇಕಾಗುತ್ತದೆ. ಅದು ಎರಡರಲ್ಲೂ ಇದೆ.

ಕಾಣೆಯಾದ ಡೇಟಾ

ಇಲ್ಲಿ ಹೋಲಿಕೆ ಇನ್ನೂ ಸ್ವಾರಸ್ಯವಾಗುತ್ತದೆ. ಹೆಚ್ಚಿನವರು ಮಲ್ಟಿಪಲ್ ಇಂಪ್ಯುಟೇಶನ್ (ಖಾಲಿ ಜಾಗಗಳನ್ನು ಅಂದಾಜು ಬೆಲೆಗಳಿಂದ ಹಲವು ಸಲ ತುಂಬುವುದು) ಮಾಡಿ ‘ಮಿಸ್ಸಿಂಗ್ ಡೇಟಾ ಸಮಸ್ಯೆ ಬಗೆಹರಿಯಿತು’ ಅಂತ ಬರೆದುಬಿಡುತ್ತಾರೆ. ಬಗೆಹರಿದಿಲ್ಲ. ಮಾಮೂಲಿ ಇಂಪ್ಯುಟೇಶನ್‌ಗೆ ಒಂದು ಊಹೆ ಇದೆ: ನಮ್ಮ ಹತ್ತಿರ ಇರುವ ಮಾಹಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಬಿಟ್ಟುಹೋದವರೂ ಉಳಿದವರೂ ಒಂದೇ ಥರ. ಔಷಧ ಕೆಲಸ ಮಾಡಲಿಲ್ಲ ಅಂತಲೇ ರೋಗಿ ಬರುವುದನ್ನು ಬಿಟ್ಟಿದ್ದರೆ ಈ ಊಹೆ ಬಿದ್ದುಹೋಗುತ್ತದೆ. ಇದು ನಿಜವೋ ಸುಳ್ಳೋ ಅಂತ ಡೇಟಾದಿಂದಲೇ ಪರೀಕ್ಷಿಸಲು ಆಗುವುದಿಲ್ಲ. ಊಹೆಯನ್ನು ಬೇಕಂತಲೇ ಮುರಿದು, ಏನಾಗುತ್ತದೆ ಅಂತ ನೋಡುವುದೊಂದೇ ದಾರಿ.

ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ 85 ದಾಟಿದ ಹಿರಿಯರ ಮೇಲೆ ನಡೆದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. 956 ಜನರಲ್ಲಿ 121 ಜನರ ರಕ್ತದೊತ್ತಡ ಅಳೆದಿರಲಿಲ್ಲ. ಅಳೆಯದೆ ಬಿಟ್ಟವರು ಹೆಚ್ಚು ಕುಗ್ಗಿದವರು, ಅವರ ಬಿಪಿ ಇನ್ನೂ ಕಡಿಮೆ ಇದ್ದಿರಬಹುದು ಅನ್ನುವ ಅನುಮಾನವಿತ್ತು. ಸ್ಟೆಫ್ ವಾನ್ ಬ್ಯೂರೆನ್ ಮತ್ತು ಜೊತೆಗಾರರು ತುಂಬಿದ ಪ್ರತಿಯೊಂದು ಬೆಲೆಯಿಂದಲೂ 5, 10, 15, 20 ಹೀಗೆ ಕಳೆಯುತ್ತಾ ಹೋದರು. ಪ್ರತಿ ಸಲವೂ ಬಿಪಿಗೂ ಸಾವಿಗೂ ಇರುವ ನಂಟನ್ನು ಹೊಸದಾಗಿ ಲೆಕ್ಕ ಹಾಕಿದರು. ನಂಟು ಅಷ್ಟೇನೂ ಬದಲಾಗಲಿಲ್ಲ. ಇದಕ್ಕೆ ಡೆಲ್ಟಾ ಹೊಂದಾಣಿಕೆ ಅನ್ನುತ್ತಾರೆ. ಫಲಿತಾಂಶ ಮಗುಚುವವರೆಗೂ ಡೆಲ್ಟಾ ಹೆಚ್ಚಿಸುತ್ತಾ ಹೋದರೆ ಅದೇ ಟಿಪ್ಪಿಂಗ್ ಪಾಯಿಂಟ್ ಅನಾಲಿಸಿಸ್. 

ಈ ಕೆಲಸಕ್ಕೆ ಆರ್‌ನಲ್ಲಿ ವಾನ್ ಬ್ಯೂರೆನ್ ಅವರದೇ ‘ಮೈಸ್’ ಪ್ಯಾಕೇಜ್ ಇದೆ. ಅದರಲ್ಲಿ ‘ಪೋಸ್ಟ್’ ಅನ್ನುವ ಆರ್ಗ್ಯುಮೆಂಟ್‌ಗೆ ಒಂದು ಸಾಲು ಬರೆದರೆ ತುಂಬಿದ ಬೆಲೆಗಳಿಗೆ ಡೆಲ್ಟಾ ಸೇರುತ್ತದೆ. ಆ ಒಂದು ಸಾಲನ್ನು ಬರೆಯುವ ರೀತಿ ಮೊದಮೊದಲು ವಿಚಿತ್ರ ಅನ್ನಿಸುತ್ತದೆ, ಕೋಡ್‌ನೊಳಗೆ ಕೋಡನ್ನು ಅಕ್ಷರಗಳಾಗಿ ಕೊಡಬೇಕು. ಒಮ್ಮೆ ಹಿಡಿತ ಸಿಕ್ಕರೆ ಲೂಪ್ ಹಾಕಿ ಎಷ್ಟು ಡೆಲ್ಟಾ ಬೇಕಾದರೂ ಓಡಿಸಬಹುದು. ಸಮೀಕ್ಷೆ, ಸಮುದಾಯ ಆರೋಗ್ಯದ ಅಧ್ಯಯನ ಮಾಡುವವರಿಗೆ ಇದೇ ನನ್ನ ಮೊದಲ ಆಯ್ಕೆ.

ಕ್ಲಿನಿಕಲ್ ಟ್ರಯಲ್ ಆದರೆ ಕಥೆ ಬೇರೆ. ಅಲ್ಲಿ ರೋಗಿಗಳು ಹಲವು ಸಲ ಬಂದು ಹೋಗುತ್ತಾರೆ, ನಡುವೆ ಬಿಡುತ್ತಾರೆ. ಔಷಧ ಬಿಟ್ಟ ಮೇಲೆ ಆ ರೋಗಿ ಪ್ಲಸೀಬೋ ಗುಂಪಿನವರಂತೆಯೇ ನಡೆದುಕೊಳ್ಳುತ್ತಾರೆ ಅಂತ ಊಹಿಸಿ ತುಂಬುವ ವಿಧಾನಗಳಿವೆ, ಜಂಪ್ ಟು ರೆಫರೆನ್ಸ್, ಕಾಪಿ ರೆಫರೆನ್ಸ್ ಮುಂತಾದವು. ಸ್ಯಾಸ್‌ನಲ್ಲಿ ಇಂಪ್ಯುಟೇಶನ್ ಮಾಡುವ ‘ಪ್ರಾಕ್ ಎಂಐ’ ಒಳಗೆ ಆ ಮಾಮೂಲಿ ಊಹೆಯನ್ನು ಮುರಿಯಲು ‘ಎಂಎನ್‌ಎಆರ್’ ಅನ್ನುವ ಹೇಳಿಕೆಯೇ ಇದೆ. ‘ಅಡ್ಜಸ್ಟ್’ ಕೊಟ್ಟರೆ ಡೆಲ್ಟಾ, ‘ಮಾಡೆಲ್’ ಕೊಟ್ಟರೆ ಯಾವ ಗುಂಪಿನ ಡೇಟಾ ನೋಡಿ ತುಂಬಬೇಕು ಅನ್ನುವುದು. ಎರಡೂ ಅಚ್ಚುಕಟ್ಟು, ದಾಖಲೆಯೂ ಚೆನ್ನಾಗಿದೆ. ಟಿಪ್ಪಿಂಗ್ ಪಾಯಿಂಟ್‌ಗೆ ಮಾತ್ರ ಮ್ಯಾಕ್ರೋ ಬರೆದು ಸುತ್ತು ಹೊಡೆಸಬೇಕು. ಆರ್‌ನಲ್ಲಿ ಇದೇ ಕೆಲಸಕ್ಕೆ ‘ಆರ್‌ಬಿಎಂಐ’ ಪ್ಯಾಕೇಜ್ ಇದೆ. ಡ್ರಾಸ್, ಇಂಪ್ಯೂಟ್, ಅನಲೈಸ್, ಪೂಲ್ ಅಂತ ನಾಲ್ಕು ಹೆಜ್ಜೆ. ಪ್ರತಿ ಹೆಜ್ಜೆಯಲ್ಲೂ ಏನಾಯಿತು ಅಂತ ನಿಲ್ಲಿಸಿ ನೋಡಬಹುದು. ಕಲಿಯುವವರಿಗೆ ಇದು ಸ್ಯಾಸ್‌ಗಿಂತ ಸ್ಪಷ್ಟ ಅಂತ ನನ್ನ ಅನಿಸಿಕೆ.

ಸ್ಟಾಟಾದಲ್ಲಿ ಇಂಪ್ಯುಟೇಶನ್ ಬಹಳ ಸಲೀಸು. ಆದರೆ ಡೆಲ್ಟಾ ಸೇರಿಸಲು ತುಂಬಿದ ಪ್ರತಿಗಳ ಒಳಗೆ ಹೋಗಿ ನೀವೇ ಬೆಲೆ ಬದಲಾಯಿಸಬೇಕು, ಇಲ್ಲವೇ ಬಳಕೆದಾರರು ಬರೆದ ‘ಮಿಮಿಕ್ಸ್’, ‘ಆರ್‌ಸಿಟಿಮಿಸ್’ ಹಾಕಿಕೊಳ್ಳಬೇಕು. ಪೈಥಾನ್ ಈ ವಿಷಯದಲ್ಲಿ ಹಿಂದೆ ಇದೆ. ಮೆಷಿನ್ ಲರ್ನಿಂಗ್‌ಗಾಗಿ ಖಾಲಿ ಜಾಗ ತುಂಬುವ ಸಾಧನಗಳು ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಒಂದೇ ಸಲ ತುಂಬಿ ಕೈತೊಳೆದುಕೊಳ್ಳುವಂಥವು. ತುಂಬಿದ್ದರಿಂದ ಬರುವ ಅನಿಶ್ಚಿತತೆಯನ್ನು ಫಲಿತಾಂಶದವರೆಗೂ ಒಯ್ಯುವುದಿಲ್ಲ. ಕಾಣೆಯಾದ ಡೇಟಾದ ಪ್ರಶ್ನೆಗೆ ಪೈಥಾನ್ ಆರಿಸಬೇಡಿ ಅಂತಲೇ ಹೇಳುತ್ತೇನೆ.

ಎಷ್ಟು ಸಲ ತುಂಬಬೇಕು? ಶೇ. 30ರಷ್ಟು ಕೇಸ್‌ಗಳಲ್ಲಿ ಡೇಟಾ ಕಾಣೆಯಾಗಿದ್ದರೆ ಕನಿಷ್ಠ 30 ಸಲ ಅನ್ನುವುದು ಬಳಕೆಯಲ್ಲಿರುವ ಒಂದು ಲೆಕ್ಕ. ಹಳೆಯ ಪಾಠಗಳಲ್ಲಿ ಬರುವ 5 ಈಗ ಸಾಲದು. ಕಂಪ್ಯೂಟರ್ ಸಮಯಕ್ಕೆ ಈಗ ಆ ಬರ ಇಲ್ಲ.

ಮಾದರಿಯ ಇನ್‌ಪುಟ್‌ಗಳು

ಕಾವೇರಿ, ಕೃಷ್ಣಾ ಕೊಳ್ಳಗಳ ಮೇಲೆ ಸ್ವಾಟ್ ಥರದ ಜಲಮಾದರಿ ಓಡಿಸುವವರಿಗೆ ಈ ಅನುಮಾನ ಚೆನ್ನಾಗಿ ಗೊತ್ತು. ಮಣ್ಣು ಎಷ್ಟು ನೀರು ಹಿಡಿಯುತ್ತದೆ, ಹರಿವಿನ ಗುಣಾಂಕ ಎಷ್ಟು, ಅಂತರ್ಜಲ ಎಷ್ಟು ದಿನಕ್ಕೆ ನದಿ ಸೇರುತ್ತದೆ, ಹೀಗೆ ಇಪ್ಪತ್ತು ಮೂವತ್ತು ಇನ್‌ಪುಟ್. ಯಾವುದೂ ಖಚಿತವಿಲ್ಲ. ಯಾವುದು ಉತ್ತರವನ್ನು ಹೆಚ್ಚು ಎಳೆದಾಡುತ್ತದೆ? ಇಲ್ಲಿ ಸ್ಟಾಟಾ, ಎಸ್‌ಪಿಎಸ್‌ಎಸ್ ಲೆಕ್ಕಕ್ಕೇ ಬರುವುದಿಲ್ಲ. ಸ್ಪರ್ಧೆ ಇರುವುದು ಪೈಥಾನ್ ಮತ್ತು ಆರ್ ನಡುವೆ. ಮ್ಯಾಟ್‌ಲ್ಯಾಬ್ ಇರುವ ಎಂಜಿನಿಯರಿಂಗ್ ವಿಭಾಗಗಳಲ್ಲಿ ಜ್ಯೂರಿಕ್‌ನ ‘ಯುಕ್ಯೂಲ್ಯಾಬ್’ ಕೂಡ ಇದೆ, ಅದೂ ಗಟ್ಟಿ ಆಯ್ಕೆಯೇ.

ಬಹಳ ಜನ ಮಾಡುವುದು ಒಂದೊಂದೇ ಇನ್‌ಪುಟ್ಟನ್ನು ಶೇ. 10 ಹೆಚ್ಚಿಸಿ, ಶೇ. 10 ಕಡಿಮೆ ಮಾಡಿ, ಉಳಿದದ್ದನ್ನೆಲ್ಲಾ ಹಾಗೇ ಇಟ್ಟು ನೋಡುವುದು. ಯಾಕೆ ಇದು ಸಾಲದು ಅನ್ನುವುದಕ್ಕೆ ಇಶಿಗಾಮಿ ಫಂಕ್ಷನ್ ಅನ್ನುವ ಚಿಕ್ಕ ಪರೀಕ್ಷಾ ಮಾದರಿ ಇದೆ. ಮೂರೇ ಇನ್‌ಪುಟ್. ಪ್ರತಿಯೊಂದೂ ಒಂಟಿಯಾಗಿ ಫಲಿತಾಂಶದ ಏರಿಳಿತಕ್ಕೆ ಎಷ್ಟು ಕಾರಣ ಅಂತ ಸೊಬೋಲ್ ವಿಧಾನದಲ್ಲಿ ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 0.31, ಎರಡನೆಯದು 0.44, ಮೂರನೆಯದು ಸೊನ್ನೆ. ಅಂದರೆ ಮೂರನೆಯದನ್ನು ಬಿಟ್ಟುಬಿಡಬಹುದಾ? ಬಿಟ್ಟರೆ ಕೆಟ್ಟಿರಿ. ಬೇರೆ ಇನ್‌ಪುಟ್ ಜೊತೆ ಸೇರಿ ಮಾಡುವ ಪರಿಣಾಮವನ್ನೂ ಕೂಡಿಸಿದ ಒಟ್ಟು ಸೂಚ್ಯಂಕ ನೋಡಿದರೆ ಅದೇ ಮೂರನೆಯದು 0.24. ಒಂಟಿಯಾಗಿ ಏನೂ ಮಾಡದ ಇನ್‌ಪುಟ್, ಮೊದಲನೆಯದರ ಜೊತೆ ಸೇರಿದಾಗ ಏರಿಳಿತದ ಕಾಲು ಭಾಗಕ್ಕೆ ಕಾರಣ. ಒಂದೊಂದನ್ನೇ ಅಲುಗಿಸಿ ನೋಡುವವರ ಕಣ್ಣಿಗೆ ಇದು ಬೀಳದೆ ಹೋಗಬಹುದು.

ಪೈಥಾನ್‌ನ ‘ಸಾಲಿಬ್’ ಈ ಕೆಲಸಕ್ಕೇ ಹುಟ್ಟಿದ್ದು. ಸೊಬೋಲ್, ಮಾರಿಸ್, ಫಾಸ್ಟ್, ಡೆಲ್ಟಾ (ಮೇಲಿನ ಡೆಲ್ಟಾ ಹೊಂದಾಣಿಕೆ ಅಲ್ಲ), ಪಾನ್ ವಿಧಾನಗಳು ಎಲ್ಲಾ ಒಂದೇ ಕಡೆ, ಒಂದೇ ಶೈಲಿಯಲ್ಲಿ. ಇನ್‌ಪುಟ್‌ಗಳ ಹೆಸರು, ಮಿತಿ ಬರೆದುಕೊಡಿ, ಸ್ಯಾಂಪಲ್ ತೆಗೆಯಿರಿ, ನಿಮ್ಮ ಮಾದರಿಯನ್ನು ಓಡಿಸಿ, ಉತ್ತರಗಳನ್ನು ಮರಳಿಸಿ. ಆರ್‌ನ ‘ಸೆನ್ಸಿಟಿವಿಟಿ’ ಪ್ಯಾಕೇಜ್ ಇನ್ನೂ ಹಳೆಯದು, ಇನ್ನೂ ದೊಡ್ಡದು. ಅದರಲ್ಲೂ ಮಾದರಿ ಹೊರಗೆ ಓಡಬಹುದು. ಉತ್ತರ ಬಂದ ಮೇಲೆ ‘ಟೆಲ್’ ಫಂಕ್ಷನ್‌ಗೆ ಕೊಟ್ಟರಾಯಿತು. ಹಾಗಾಗಿ ನಿಮ್ಮ ಮಾದರಿ ಫೋರ್ಟ್ರಾನ್‌ನಲ್ಲೇ ಇರಲಿ, ಎರಡೂ ನಡೆಯುತ್ತವೆ.

ವ್ಯತ್ಯಾಸ ಎಲ್ಲಿ ಬರುತ್ತದೆ ಅಂದರೆ, ಇನ್‌ಪುಟ್‌ಗಳು ಒಂದಕ್ಕೊಂದು ಅಂಟಿಕೊಂಡಿರುವಾಗ. ಮಾಮೂಲಿ ಸೊಬೋಲ್ ಲೆಕ್ಕ ಇನ್‌ಪುಟ್‌ಗಳು ಸ್ವತಂತ್ರ ಅಂತ ಊಹಿಸುತ್ತದೆ. ಮಳೆ ಜಾಸ್ತಿಯಾದ ಕಡೆ ಉಷ್ಣಾಂಶ ಕಡಿಮೆ ಇರುವಂಥ ಡೇಟಾದಲ್ಲಿ ಅದು ನಿಲ್ಲುವುದಿಲ್ಲ. ಅಂಥ ಕಡೆ, ಅಂಟಿಕೊಂಡ ಇನ್‌ಪುಟ್‌ಗಳ ನಡುವೆ ಏರಿಳಿತವನ್ನು ಪಾಲು ಹಂಚುವ ಶ್ಯಾಪ್ಲಿ ಎಫೆಕ್ಟ್ಸ್ ಬೇಕು. ಅದಕ್ಕೆ ಆರ್‌ನ ಪ್ಯಾಕೇಜ್‌ನಲ್ಲಿ ಸಿದ್ಧ ಫಂಕ್ಷನ್‌ಗಳಿವೆ. ನಿಮ್ಮ ಇನ್‌ಪುಟ್‌ಗಳು ಹೀಗೆ ಹೆಣೆದುಕೊಂಡಿದ್ದರೆ ಆರ್ ಕಡೆ ಬನ್ನಿ. ಇಲ್ಲದಿದ್ದರೆ, ಮಾದರಿಯೂ ಪೈಥಾನ್‌ನಲ್ಲೇ ಇದ್ದರೆ, ಸಾಲಿಬ್ ಬಿಟ್ಟು ಬೇರೆ ಹುಡುಕುವುದು ಸುಮ್ನೆ ಶ್ರಮ.

ಸಾಫ್ಟ್‌ವೇರ್‌ಗಿಂತ ದೊಡ್ಡ ಆಯ್ಕೆ ಇಲ್ಲಿ ಮಾರಿಸಾ ಸೊಬೋಲಾ ಅನ್ನುವುದು. ಅದನ್ನು ನಿರ್ಧರಿಸುವುದು ನಿಮ್ಮ ಮಾದರಿ ಒಂದು ಸಲ ಓಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅನ್ನುವುದು. 20 ಇನ್‌ಪುಟ್ ಇವೆ, ಒಂದು ಓಟಕ್ಕೆ ಒಂದು ನಿಮಿಷ ಅಂದುಕೊಳ್ಳಿ. ಸೊಬೋಲ್‌ಗೆ ಮೂಲ ಸ್ಯಾಂಪಲ್ 1024 ಇಟ್ಟುಕೊಂಡರೆ, ಜೋಡಿ ಪರಿಣಾಮಗಳನ್ನು ಬಿಟ್ಟೂ, 1024 × (20 + 2) = 22,528 ಓಟ. ಒಂದೇ ಕಂಪ್ಯೂಟರ್ ಕೋರ್‌ನಲ್ಲಿ ಹದಿನೈದು ದಿನಕ್ಕೂ ಹೆಚ್ಚು. 1991ರಲ್ಲಿ ಮ್ಯಾಕ್ಸ್ ಮಾರಿಸ್ ಕೊಟ್ಟ ವಿಧಾನದಲ್ಲಿ 10 ಪಥ ಇಟ್ಟುಕೊಂಡರೆ 10 × (20 + 1) = 210 ಓಟ, ಮೂರೂವರೆ ಗಂಟೆ. ಮಾರಿಸ್ ನಿಖರ ಪಾಲು ಹೇಳುವುದಿಲ್ಲ, ಯಾವುದು ಮುಖ್ಯ ಯಾವುದು ಅಲ್ಲ ಅಂತ ಜರಡಿ ಹಿಡಿಯುತ್ತದೆ. ಅದಕ್ಕೇ ಮೊದಲು ಮಾರಿಸ್ ಓಡಿಸಿ ಇಪ್ಪತ್ತನ್ನು ಆರೇಳಕ್ಕೆ ಇಳಿಸಿ, ಆಮೇಲೆ ಆ ಆರೇಳಕ್ಕೆ ಸೊಬೋಲ್ ಮಾಡುವುದು ವಾಡಿಕೆ. ಸೊಬೋಲ್ ಸ್ಯಾಂಪಲ್ ಯಾವಾಗಲೂ ಎರಡರ ಘಾತದಲ್ಲಿ ಇರಲಿ: 512, 1024, 2048. 1000 ಅಂತ ದುಂಡು ಸಂಖ್ಯೆ ಕೊಟ್ಟರೆ ಸಾಲಿಬ್ ಎಚ್ಚರಿಕೆ ಕೊಡುತ್ತದೆ. ಅದನ್ನು ಕಡೆಗಣಿಸಬೇಡಿ.

ಇನ್ನೊಂದು ಮಾತು. ಎಲ್ಲಾ ಇನ್‌ಪುಟ್‌ಗೂ ಸಮನಾಗಿ ಶೇ. 10 ಮಿತಿ ಕೊಡುವುದನ್ನು ಬಿಡಬೇಕು. ಪ್ರಯೋಗಾಲಯದಲ್ಲಿ ಅಳೆದ ಸಂಖ್ಯೆಯೂ, ಯಾರೋ ಅಂದಾಜಿನಲ್ಲಿ ಹೇಳಿದ ಸಂಖ್ಯೆಯೂ ಒಂದೇ ಮಟ್ಟದ ಅನಿಶ್ಚಿತ ಅಲ್ಲ, ಅಲ್ವಾ? ಮಿತಿಗಳನ್ನು ತಪ್ಪಾಗಿ ಕೊಟ್ಟರೆ ಎಂಥ ಒಳ್ಳೆಯ ಸಾಫ್ಟ್‌ವೇರೂ ತಪ್ಪು ಇನ್‌ಪುಟ್ಟನ್ನೇ ಮುಖ್ಯ ಅಂತ ತೋರಿಸುತ್ತದೆ. ನನ್ನನ್ನು ಕೇಳಿದರೆ ಒಂದು ವಾರ ಮಿತಿಗಳನ್ನು ಹುಡುಕಲು ಕೊಡಿ, ಒಂದು ದಿನ ಕೋಡ್‌ಗೆ ಸಾಕು.

ಉಳಿದ ಎರಡು, ಚಿಕ್ಕದಾಗಿ

ಮೆಟಾ-ಅನಾಲಿಸಿಸ್‌ನಲ್ಲಿ, ಅಂದರೆ ಹಲವು ಅಧ್ಯಯನಗಳ ಫಲಿತಾಂಶ ಕೂಡಿಸಿ ನೋಡುವಲ್ಲಿ, ಒಂದೊಂದೇ ಅಧ್ಯಯನ ತೆಗೆದು ಫಲಿತಾಂಶ ನೋಡುವುದು ಮಾಮೂಲಿ. ಆರ್‌ನ ‘ಮೆಟಾಫಾರ್’ನಲ್ಲಿ ಒಂದು ಫಂಕ್ಷನ್, ಸ್ಟಾಟಾ 17ರಿಂದ ಈಚೆಗೆ ಒಂದು ಆಯ್ಕೆ. ಎರಡೂ ಸಮ. ಕೈಗೆ ಬಂದದ್ದನ್ನು ಬಳಸಿ.

ಆರೋಗ್ಯ ಅರ್ಥಶಾಸ್ತ್ರದಲ್ಲಿ, ಅಂದರೆ ಒಂದು ಚಿಕಿತ್ಸೆಗೆ ಹಾಕುವ ದುಡ್ಡಿಗೆ ತಕ್ಕ ಪ್ರಯೋಜನ ಇದೆಯಾ ಅಂತ ನೋಡುವಲ್ಲಿ, ಎಕ್ಸೆಲ್ ಇನ್ನೂ ಗಟ್ಟಿಯಾಗಿ ಕೂತಿದೆ. ಟಾರ್ನಾಡೋ ಚಿತ್ರಕ್ಕೆ (ಯಾವ ಇನ್‌ಪುಟ್ ಉತ್ತರವನ್ನು ಎಷ್ಟು ಎಳೆಯುತ್ತದೆ ಅಂತ ಪಟ್ಟಿಗಳಲ್ಲಿ ತೋರಿಸುವುದು) ಅದು ಸಾಕು. ಸಂಭವನೀಯತೆಗಳಿಗೆ ಬೀಟಾ, ವೆಚ್ಚಗಳಿಗೆ ಗಾಮಾ ಹಂಚಿಕೆ ಕೊಟ್ಟು ಸಾವಿರಾರು ಸಲ ಓಡಿಸುವಾಗ ಎಕ್ಸೆಲ್ ನಿಧಾನ. ಅದಕ್ಕಿಂತ ದೊಡ್ಡ ತೊಂದರೆ, ಯಾವ ಸೆಲ್‌ನಲ್ಲಿ ಏನು ಸೂತ್ರ ಇದೆ ಅಂತ ಇನ್ನೊಬ್ಬರು ಪರಿಶೀಲಿಸಲು ಕಷ್ಟ. ಆರ್‌ನ ‘ಡ್ಯಾಂಪ್ಯಾಕ್’, ‘ಬಿಸಿಇಎ’ ಈ ಕೆಲಸವನ್ನು ಬಹಳ ಹಗುರ ಮಾಡುತ್ತವೆ.

ದುಡ್ಡು, ಜೊತೆಗಾರರು, ಕೆಲಸದ ಜಾಗ

ಆರ್ ಮತ್ತು ಪೈಥಾನ್ ಉಚಿತ. ಸ್ಟಾಟಾಕ್ಕೆ ಲೈಸೆನ್ಸ್ ಬೇಕು, ವಿದ್ಯಾರ್ಥಿಗಳಿಗೆ ದರ ಕಡಿಮೆ. ಸ್ಯಾಸ್ ಲೈಸೆನ್ಸ್ ಒಬ್ಬರ ಜೇಬಿಗೆ ನಿಲುಕುವಂಥದ್ದಲ್ಲ. ಆದರೆ ಕಲಿಯುವವರಿಗೆ ‘ಸ್ಯಾಸ್ ಆನ್‌ಡಿಮ್ಯಾಂಡ್ ಫಾರ್ ಅಕಾಡೆಮಿಕ್ಸ್’ ಉಚಿತವಾಗಿ ಬ್ರೌಸರ್‌ನಲ್ಲೇ ಸಿಗುತ್ತದೆ. ಬೆಂಗಳೂರಿನಲ್ಲಿ ಕ್ಲಿನಿಕಲ್ ಪ್ರೋಗ್ರಾಮರ್ ಕೆಲಸ ಹುಡುಕುವವರು ಇದನ್ನು ಬಿಡಬಾರದು. ಆ ಕೆಲಸಗಳ ಜಾಹೀರಾತುಗಳಲ್ಲಿ ಸ್ಯಾಸ್ ಹೆಸರು ಈಗಲೂ ಮೊದಲು ಬರುತ್ತದೆ.

ಔಷಧ ಕ್ಷೇತ್ರದಲ್ಲಿ ಒಂದು ತಪ್ಪು ನಂಬಿಕೆ ಹರಡಿದೆ: ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ಯಾಸ್ ಬಿಟ್ಟು ಬೇರೆ ಒಪ್ಪುವುದಿಲ್ಲ ಅಂತ. ಹಾಗೇನೂ ಇಲ್ಲ. ಇಂಥದ್ದೇ ಸಾಫ್ಟ್‌ವೇರ್ ಬಳಸಬೇಕು ಅಂತ ನಾವು ಹೇಳುವುದಿಲ್ಲ ಅಂತ ಎಫ್‌ಡಿಎ 2015ರಲ್ಲೇ ಸ್ಪಷ್ಟಪಡಿಸಿದೆ. 2021ರಲ್ಲಿ ಆರ್ ಕನ್ಸಾರ್ಟಿಯಂನವರು ಆರ್‌ನಲ್ಲೇ ಮಾಡಿದ ಪ್ರಾಯೋಗಿಕ ಸಲ್ಲಿಕೆಯನ್ನು ಎಫ್‌ಡಿಎಗೆ ಕಳಿಸಿ, ಅದನ್ನು ಎಲ್ಲರೂ ನೋಡುವಂತೆ ಇಟ್ಟಿದ್ದಾರೆ. ಎಫ್‌ಡಿಎ ಕೇಳುವುದು ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ ಬಳಸಿದಿರಿ ಅಂತ ದಾಖಲಿಸಿ ಅನ್ನುವುದನ್ನು.

ಎಲ್ಲಕ್ಕಿಂತ ಹೆಚ್ಚಾಗಿ ನೋಡಬೇಕಾದ್ದು ನಿಮ್ಮ ಸುತ್ತ ಯಾರಿದ್ದಾರೆ ಅನ್ನುವುದು. ರಾತ್ರಿ ಹನ್ನೊಂದಕ್ಕೆ ಎರರ್ ಬಂದಾಗ ಫೋನ್ ಮಾಡಲು ಸ್ಟಾಟಾ ಬಲ್ಲ ಸೀನಿಯರ್ ಇದ್ದರೆ, ಎರಡು ಹೆಚ್ಚುವರಿ ಪ್ಯಾಕೇಜ್ ಇದೆ ಅಂತ ಆರ್ ಆರಿಸುವುದು ಬೇಡ. ನಾನು ಆರ್ ಕಡೆ ವಾಲುವವನೇ ಆದರೂ ಈ ಮಾತನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ.

ಹಾಗಾದರೆ ಯಾರಿಗೆ ಯಾವುದು? ಎಸ್‌ಪಿಎಸ್‌ಎಸ್ ಮಾತ್ರ ಬಲ್ಲ ಎಂ.ಡಿ. ವಿದ್ಯಾರ್ಥಿಗೆ, ಅಳೆಯದ ಅಂಶದ ಪ್ರಶ್ನೆ ಮಾತ್ರ ಬಂದಿದ್ದರೆ, ಕೈಲೆಕ್ಕದ ಇ-ವ್ಯಾಲ್ಯೂ. ಡೇಟಾ ಕಾಣೆಯಾಗಿದ್ದರೆ ಆರ್ ಕಲಿಯಿರಿ, ‘ಮೈಸ್’ನಿಂದ ಶುರು ಮಾಡಿ. ಅರ್ಥಶಾಸ್ತ್ರದ ಸಂಶೋಧಕರು ಸ್ಟಾಟಾದಲ್ಲೇ ಇರಿ, ‘ಸೆನ್ಸ್‌ಮೇಕರ್’ ಸೇರಿಸಿಕೊಳ್ಳಿ. ಟ್ರಯಲ್ ಕಂಪನಿಯಲ್ಲಿ ಇರುವವರಿಗೆ ಕಂಪನಿ ಏನು ಬಳಸುತ್ತದೋ ಅದೇ. ಆದರೆ ಮುಖ್ಯ ಫಲಿತಾಂಶವನ್ನು ‘ಆರ್‌ಬಿಎಂಐ’ನಲ್ಲಿ ಇನ್ನೊಮ್ಮೆ ತಾಳೆ ನೋಡುವುದು ಒಳ್ಳೆಯ ಅಭ್ಯಾಸ. ಮಾದರಿ ಓಡಿಸುವವರಿಗೆ ಸಾಲಿಬ್, ಇನ್‌ಪುಟ್ ಹೆಣೆದುಕೊಂಡಿದ್ದರೆ ಆರ್.

ಯಾವುದನ್ನೇ ಆರಿಸಿ, ಎರಡು ಕೆಲಸ ಮೊದಲೇ ಮಾಡಿಟ್ಟುಕೊಳ್ಳಿ. ಡೇಟಾ ತೆರೆಯುವ ಮುಂಚೆಯೇ ಯಾವ ಊಹೆಯನ್ನು, ಎಷ್ಟರವರೆಗೆ ಮುರಿದು ನೋಡುತ್ತೀರಿ ಅಂತ ಬರೆದಿಡಿ. ಔಷಧ ಪ್ರಯೋಗಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಐಸಿಎಚ್ ಇ9ಕ್ಕೆ 2019ರಲ್ಲಿ ಸೇರಿಸಿದ ಭಾಗವೂ ಸೆನ್ಸಿಟಿವಿಟಿ ಅನಾಲಿಸಿಸ್ಸನ್ನು ಯೋಜನೆಯ ಹಂತದಲ್ಲೇ ಯೋಚಿಸಿ ಅನ್ನುತ್ತದೆ. ಇಪ್ಪತ್ತು ಥರ ಓಡಿಸಿ ತನಗೆ ಅನುಕೂಲವಾದ ಮೂರನ್ನು ಪೇಪರ್‌ಗೆ ಹಾಕುವುದನ್ನು ತಡೆಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಇನ್ನು ಸೀಡ್ ಸಂಖ್ಯೆಯನ್ನೂ (ಯಾದೃಚ್ಛಿಕ ಸಂಖ್ಯೆಗಳ ಸರಣಿ ಎಲ್ಲಿಂದ ಶುರು ಅಂತ ಗೊತ್ತುಮಾಡುವ ಅಂಕಿ) ಪ್ಯಾಕೇಜ್‌ಗಳ ಆವೃತ್ತಿಯನ್ನೂ ಕೋಡ್‌ನ ಮೊದಲ ಸಾಲುಗಳಲ್ಲೇ ಹಾಕಿ. ಇಂಪ್ಯುಟೇಶನ್ ಆಗಲಿ ಸೊಬೋಲ್ ಸ್ಯಾಂಪಲ್ ಆಗಲಿ, ಎರಡರಲ್ಲೂ ಯಾದೃಚ್ಛಿಕ ಸಂಖ್ಯೆಗಳ ಕೈವಾಡ ಇದೆ. ಸೀಡ್ ಬರೆದಿಲ್ಲದಿದ್ದರೆ ರಿವ್ಯೂವರ್ ಎರಡನೆಯ ಸುತ್ತಿನಲ್ಲಿ ಪ್ರಶ್ನೆ ಕೇಳಿದಾಗ ನಿಮ್ಮ ಟೇಬಲ್‌ನ ಸಂಖ್ಯೆ ನಿಮಗೇ ಮತ್ತೆ ಬರುವುದಿಲ್ಲ.